ಒರೆಸಿದ ವಾಕ್ಯ

ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವವರಿಗೆ ನನ್ನ ಮೇಲೆ ಒಂದು ದೂರಿದೆ. ತಪ್ಪು ಬರೆದರೆ ಈ ಟೀಚರು ಕೂಡಲೇ ತಿದ್ದುವುದಿಲ್ಲವಂತೆ. ನಿವೃತ್ತಿಯಾದ ಮೇಲೆ ಸಾಸ್ತಾನದ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಹೊತ್ತು ಐದಾರು ಮಂದಿಗೆ ಪಾಠ ಹೇಳುತ್ತೇನೆ. ಟೋಲ್ ಗೇಟಿನಲ್ಲಿ ಕೆಲಸ ಮಾಡುವ ಶ್ವೇತಾ ಬರುತ್ತಾಳೆ, ಹೊರರಾಜ್ಯದ ಕಾರಿನವರು ಕಿಟಕಿಯಿಂದ ಬೈದರೆ ತಿರುಗಿ ಬೈಯುವಷ್ಟಾದರೂ ಇಂಗ್ಲಿಷ್ ಬೇಕು ಎಂದು. ಹೆಮ್ಮಾಡಿಯಿಂದ ಒಬ್ಬ ಡ್ರೈವರ್ ಬರುತ್ತಾನೆ, ದುಬೈಗೆ ಹೋಗುವವನು. ಎಲ್ಲರೂ ಮೊದಲು ಮಾಡುವ ತಪ್ಪು ಒಂದೇ. ಮನಸ್ಸಿನಲ್ಲಿ ಕನ್ನಡ ಹೇಳಿಕೊಂಡು, ಅದೇ ಸಾಲಿನಲ್ಲಿ ಇಂಗ್ಲಿಷ್ ಪದಗಳನ್ನು ಕೂರಿಸುವುದು. 'ಐ ಟೀ ಡ್ರಿಂಕ್' ಎಂದು ಬರೆಯುತ್ತಾರೆ. ಮಾಡುವವರು ಯಾರು, ಮಾಡುವುದೇನು, ಯಾವುದನ್ನು, ಈ ಮೂರು ಇದೇ ಸಾಲಿನಲ್ಲಿ ಬರಬೇಕೆಂದು ನೂರು ಸಲ ಹೇಳಿರುತ್ತೇನೆ. ಆದರೂ ಬೋರ್ಡಿನ ಮೇಲೆ ತಪ್ಪು ಬಿದ್ದಾಗ ಡಸ್ಟರಿಗೆ ಕೈ ಹಾಕುವುದಿಲ್ಲ.

"ಟೀಚರ್, ತಪ್ಪಿತ್ತಲ್ದಾ? ಒರ್ಸಿ ಸಮಾ ಮಾಡಿ ಕಾಂಬ," ಎನ್ನುತ್ತಾಳೆ ಶ್ವೇತಾ.

"ಒರ್ಸುಕ್ ಎಂತ ಅರ್ಜೆಂಟ್? ಮೊದ್ಲ್ ಇದ್ ಯಾರಿಗ್ ಹೇಳುಕ್ ಹೊರ್ಟದ್ದ್, ಅದ್ ಹೇಳ್."

ಅವಳು ನಗುತ್ತಾಳೆ. ಟೀಚರಿಗೆ ವಯಸ್ಸಾಯಿತು ಎಂದುಕೊಳ್ಳುತ್ತಾಳೋ ಏನೋ. ಆಗಿದೆ, ಸುಳ್ಳೇನಲ್ಲ. ಆದರೆ ಈ ಅಭ್ಯಾಸ ವಯಸ್ಸಿನಿಂದ ಬಂದದ್ದಲ್ಲ. ಹತ್ತು ವರ್ಷದವಳಿದ್ದಾಗ ನಮ್ಮ ಮನೆಯ ಅಡಿಗೆಕೋಣೆಯ ಹೊಸ್ತಿಲಲ್ಲಿ ನಾನು ಮಾಡಿದ ಒಂದು ಕೆಲಸದಿಂದ ಬಂದದ್ದು.

ನಮ್ಮ ಮನೆ ಸಾಲಿಗ್ರಾಮದಿಂದ ಒಳಗೆ, ಗದ್ದೆಯಂಚಿನಲ್ಲಿತ್ತು. ಮುಂದೆ ಜಗಲಿ, ದಾಟಿದರೆ ಚಾವಡಿ, ಅದರಾಚೆ ಅಡಿಗೆಕೋಣೆ, ಹಿಂದೆ ಬಾವಿ ಮತ್ತು ಒಂದು ದನದ ಕೊಟ್ಟಿಗೆ. ಇದ್ದವರು ಮೂರೇ ಜನ. ಅಪ್ಪಯ್ಯ, ಅಮ್ಮ, ನಾನು. ಅಪ್ಪಯ್ಯ ಸಮಾರಾಧನೆಗಳಿಗೆ ಅಡಿಗೆ ಮಾಡುವ ಭಟ್ಟರು. ಊರಿನ ದೇವಸ್ಥಾನದ ಊಟಕ್ಕೂ ಅವರದ್ದೇ ಕೈ. ಅವರು ಮನೆಗೆ ಬಂದರೆ ಇಂಗಿನ ವಾಸನೆಯೂ ಹೊಗೆಯ ವಾಸನೆಯೂ ಒಟ್ಟಿಗೆ ಜಗಲಿ ಹತ್ತುತ್ತಿದ್ದವು. ಅಮ್ಮ ತರಕಾರಿ ಹೆಚ್ಚುವುದರಲ್ಲಿ ನಿಸ್ಸೀಮಳು. ದೊಡ್ಡ ಊಟವಿದ್ದರೆ ಅವಳನ್ನೂ ಕರೆಯುತ್ತಿದ್ದರು. ಮೆಟ್ಟುಕತ್ತಿಯ ಮುಂದೆ ಕೂತಳೆಂದರೆ ಸೌತೆಕಾಯಿಯ ಗುಡ್ಡೆಯೇ ಕರಗಿ ಹೋಗುತ್ತಿತ್ತು. ಮನೆ ಚಿಕ್ಕದಾಗಿದ್ದರೂ ಆಗ ತುಂಬಿದಂತೆ ಇತ್ತು. ಇಬ್ಬರೂ ಬಾಯಿ ಮಾಡುವವರೇ. ಒಬ್ಬರು ಬಾವಿಕಟ್ಟೆಯಿಂದ ಕೂಗಿದರೆ ಇನ್ನೊಬ್ಬರು ಅಟ್ಟದಿಂದ ಉತ್ತರ ಕೊಡುತ್ತಿದ್ದರು. ಉಪ್ಪು ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಜಗಳ ಶುರುವಾದರೆ ಮಜ್ಜಿಗೆಗೆ ಬರುವ ಹೊತ್ತಿಗೆ ಮುಗಿಯುತ್ತಿತ್ತು.

ನನಗೆ ಒಂಬತ್ತು ನಡೆಯುವಾಗ ಆ ಮನೆಯಲ್ಲಿ ಮಾತು ನಿಂತಿತು. ಕಾರಣವನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆ ಸಾವಿನ ಸುದ್ದಿ ತರುವವನು 'ಸತ್ತರು' ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಜೋರಿತ್ತ್' ಎನ್ನುತ್ತಿದ್ದ, ಕಾಯಿಲೆ ಜೋರಾಗಿದೆ ಎಂಬಂತೆ. ಕೇಳಿದವರು ಅರ್ಥ ಮಾಡಿಕೊಳ್ಳಬೇಕು. ಸತ್ತರೆಂಬ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಬೀಳದಿದ್ದರೆ, ಕೈಯಲ್ಲಿರುವ ದೇವರ ಕೆಲಸ ಮುಗಿಸಿಕೊಳ್ಳಲು ಅಡ್ಡಿಯಿಲ್ಲ. ಆ ದಿನ ದೇವಸ್ಥಾನದಲ್ಲಿ ದೊಡ್ಡ ಊಟ. ಅಪ್ಪಯ್ಯ ಒಲೆಯ ಮುಂದೆ, ಅಮ್ಮ ಹಿಂದಿನ ಚಪ್ಪರದಲ್ಲಿ ಸೌತೆಕಾಯಿಯ ಮುಂದೆ. ಬೆಳಿಗ್ಗೆ ಕೆರಾಡಿಯಿಂದ, ಅಂದರೆ ಅಮ್ಮನ ತವರಿನಿಂದ, ಒಬ್ಬ ಮನುಷ್ಯ ಬಂದು ಅಡಿಗೆಶಾಲೆಯ ಹೊರಗೆ ನಿಂತು ಅಪ್ಪಯ್ಯನನ್ನು ಕರೆದ. ಅಮ್ಮಮ್ಮನಿಗೆ ಜೋರಿತ್ತ್, ಮಗಳನ್ನು ಕರೆದುಕೊಂಡು ಬರಬೇಕಂತೆ ಎಂದ. ಅಪ್ಪಯ್ಯನಿಗೆ ಅರ್ಥವಾಯಿತು. ಅವರು ಅವನಿಗೆ ಆಸರಿಗೆ ಮಜ್ಜಿಗೆ ಕೊಡಿಸಿ ಕಳಿಸಿ, ತಿರುಗಿ ಒಲೆಯ ಹತ್ತಿರ ಹೋದರು. ಹತ್ತು ಮಾರು ದೂರದಲ್ಲಿ ಅಮ್ಮ ಸೌತೆಕಾಯಿ ಹೆಚ್ಚುತ್ತಲೇ ಇದ್ದಳು. ಕೊನೆಯ ಪಂಕ್ತಿ ಎದ್ದು, ಎಂಜಲು ತೆಗೆದ ಮೇಲೆ ಅಪ್ಪಯ್ಯ ಬಂದು ಹೇಳಿದರು. ಬಸ್ಸು ಹಿಡಿದು ಇಳಿದು ನಡೆದು ನಾವು ಕೆರಾಡಿ ಮುಟ್ಟುವಾಗ ಚಿತೆ ಉರಿದು ಕೂತಿತ್ತು. ಅಮ್ಮನಿಗೆ ತನ್ನ ಅಮ್ಮನ ಮುಖ ಸಿಗಲಿಲ್ಲ.

ಅವಳು ಗಲಾಟೆ ಮಾಡಲಿಲ್ಲ. ಅಂಗಳದಲ್ಲಿ ನಿಂತು ಒಂದೇ ಒಂದು ಮಾತು ಕೇಳಿದಳು.

"ಬೆಳಿಗ್ಗೆಯೇ ಗೊತ್ತಿತ್ತಾ ನಿಮ್ಗ್?"

ಅಮ್ಮ ಅವರೊಡನೆ ನೇರವಾಗಿ ಆಡಿದ ಕಡೆಯ ಮಾತು ಅದು. ಆಮೇಲೆ ನಮ್ಮ ಮನೆಯಲ್ಲಿ ಸೌತೆಕಾಯಿ ಹುಳಿಯನ್ನೂ ಮಾಡಲಿಲ್ಲ.

ಹಾಗೆಂದು ಅಪ್ಪಯ್ಯ ಒಂದು ಹೊತ್ತೂ ಉಪವಾಸ ಬೀಳಲಿಲ್ಲ. ಮಾತು ಬಿಟ್ಟಿದ್ದಳೇ ಹೊರತು ಅಮ್ಮ ಅನ್ನ ಬಿಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ, ಸ್ನಾನಕ್ಕೆ ಬಿಸಿನೀರು. ಎಲ್ಲವೂ ಇತ್ತು, ಎಲ್ಲವೂ ನನ್ನ ಮೂಲಕ. ಅಮ್ಮ ಒಳಗಿನಿಂದ ಹೇಳುವಳು, ನಾನು ಚಾವಡಿಗೆ ಒಯ್ಯುವೆ. ಅಪ್ಪಯ್ಯ ಅಲ್ಲಿಂದ ಹೇಳುವರು, ನಾನು ಒಳಗೆ ತರುವೆ. ಇಬ್ಬರ ನಡುವೆ ಇದ್ದದ್ದು ಒಂದು ಗೋಡೆ, ಅದೂ ಬಾಗಿಲಿದ್ದ ಗೋಡೆ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ನಾನು ಹೋಗಿ, ಬಾಲಕ್ಕೆ ಒಂದು 'ಅಂಬ್ರ್' ಸೇರಿಸಿ ಒಪ್ಪಿಸಬೇಕು. ನಮ್ಮ ಕಡೆಯ ಮಾತಿನಲ್ಲಿ ಯಾರೋ ಹೇಳಿದ್ದನ್ನು ದಾಟಿಸುವಾಗ ಹಾಗೆ ಅನ್ನುತ್ತೇವೆ.

"ಬೆಲ್ಲ ಮುಗ್ದಿತ್ತಂಬ್ರ್."

"ನಾಡ್ದ್ ಬ್ರಹ್ಮಾವರಕ್ಕ್ ಅಡ್ಗಿಗ್ ಹೋಪುದಂಬ್ರ್, ಬಪ್ಪುಕೆ ಎರಡ್ ದಿನ ಆತ್ತಂಬ್ರ್."

"ಸರಿಯಂಬ್ರ್."

ಮೊದಮೊದಲು ನನಗೆ ಇದರಲ್ಲಿ ಜಂಬವಿತ್ತು. ನಾನಿಲ್ಲದಿದ್ದರೆ ಈ ಮನೆ ನಡೆಯುವುದಿಲ್ಲ ಎಂದು. ಒಂದೆರಡು ಸಲ ನನ್ನ ಕೈಯಿಂದಲೂ ಸ್ವಲ್ಪ ಹಾಕಿದ್ದುಂಟು. "ಚಟ್ನಿ ರುಚಿ ಆಯ್ತಂಬ್ರ್" ಎಂದು ಅಪ್ಪಯ್ಯ ಹೇಳದಿದ್ದದ್ದನ್ನು ಒಳಗೆ ಹೋಗಿ ಹೇಳಿದೆ. ಅಮ್ಮ ನನ್ನ ಮುಖವನ್ನೇ ನೋಡಿ, "ಅವ್ರ್ ಚಟ್ನಿ ಇನ್ನೂ ಮುಟ್ಲಿಲ್ಲೆ. ನಂಗಿಲ್ಲಿಂದ ಕಾಣತ್ತ್," ಎಂದಳು. ಅಲ್ಲಿಗೆ ನನ್ನ ರಾಯಭಾರದ ಜಂಬ ಇಳಿಯಿತು. ನಿಧಾನವಾಗಿ ಇನ್ನೊಂದು ತಿಳಿಯತೊಡಗಿತು. ದಿನವಿಡೀ ಆ ಮನೆಯಲ್ಲಿ ಮಾತೆಲ್ಲ ನನ್ನ ಕಡೆಗೇ ಬರುತ್ತಿತ್ತು, ಆದರೆ ಒಂದೂ ನನಗಾಗಿ ಬಂದದ್ದಲ್ಲ. ನೀನು ಉಂಡೆಯಾ, ನಿನ್ನ ಕಾಲಿಗೆ ಏನಾಯಿತು ಎಂದು ಇಬ್ಬರಿಗೂ ಕೇಳಲು ನೆನಪಾಗುತ್ತಿರಲಿಲ್ಲ. ಮುಳ್ಳು ಹೊಕ್ಕು ನಾಲ್ಕು ದಿನ ಕುಂಟಿದ್ದೇನೆ. ಕುಂಟುತ್ತಲೇ ಬೆಲ್ಲದ ಸುದ್ದಿ ಒಯ್ದಿದ್ದೇನೆ. ನನಗೆ ಅಕ್ಕನಿಲ್ಲ, ತಂಗಿಯಿಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ.

ಐದನೇ ಕ್ಲಾಸಿನಲ್ಲಿ ಇಂಗ್ಲಿಷ್ ಶುರುವಾಯಿತು. ನಮ್ಮ ಮಾಷ್ಟ್ರು ಬಡಕಲು ಆಸಾಮಿ, ಸೈಕಲ್ಲಿನಲ್ಲಿ ಬರುವವರು, ಪುಸ್ತಕಕ್ಕಿಂತ ಅಂಗಳವನ್ನು ಹೆಚ್ಚು ನಂಬುವವರು. ಮಾವಿನ ಮರದಡಿ ಕೋಲಿನಿಂದ ಮೂರು ಉರುಟು, ಅಂದರೆ ವೃತ್ತ, ಎಳೆಯುತ್ತಿದ್ದರು. ಮೊದಲ ಉರುಟಿನಲ್ಲಿ 'ಯಾರು' ನಿಲ್ಲಬೇಕು, ಎರಡನೆಯದರಲ್ಲಿ 'ಮಾಡುವುದು', ಮೂರನೆಯದರಲ್ಲಿ 'ಯಾವುದನ್ನು'. ಐ ಈಟ್ ರೈಸ್. ನಡುವಿನವಳು ಆಚೀಚೆಯವರ ಕೈ ಹಿಡಿದುಕೊಳ್ಳಬೇಕು. ಕೈ ಬಿಟ್ಟರೆ ವಾಕ್ಯ ಬಿತ್ತು. ನಾನು ಕುಳ್ಳಿಯೆಂದೋ ಏನೋ ನನ್ನನ್ನು ಯಾವಾಗಲೂ ನಡುವೆ ನಿಲ್ಲಿಸುತ್ತಿದ್ದರು. ಅದು ನನಗೆ ಬಲು ಸುಲಭವಾದ ಕೆಲಸವಾಗಿತ್ತು. ಕಷ್ಟವಾದದ್ದು ಮೊದಲ ಉರುಟಿಗೆ ಕರೆದಾಗ. ಬೆಳಿಗ್ಗೆ ಏನು ಮಾಡಿದೆ, ಒಂದು ವಾಕ್ಯ ಹೇಳು ಎಂದರು ಮಾಷ್ಟ್ರು. ನಾನು ಕೈಕಟ್ಟಿ ನಿಂತು, "ಮದರ್ ಸೇಸ್, ಐ ಡ್ರಿಂಕ್ ಗಂಜಿ," ಎಂದೆ. ಮರುದಿನ ಕೇಳಿದಾಗ, "ಫಾದರ್ ಸೇಸ್, ಐ ಗೋ ಟು ಸ್ಕೂಲ್." ಹೆಸರು ಕೇಳಿದರೂ ಅದೇ.

"ಅಮ್ಮ ಹೇಳೂದ್ ಬ್ಯಾಡ, ಅಪ್ಪಯ್ಯ ಹೇಳೂದೂ ಬ್ಯಾಡ," ಎಂದರು ಮಾಷ್ಟ್ರು. "ನೀ ಎಂತ ಹೇಳ್ತೆ, ಅದ್ ಹೇಳ್ ಮಗಾ."

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ತಿಂಗಳುಗಟ್ಟಲೆ ಯಾರದೋ ಮಾತನ್ನೇ ಹೊತ್ತು ಅಭ್ಯಾಸವಾದವಳಿಗೆ ನನ್ನದೇ ಆದ ಒಂದು ಮಾತನ್ನು ಯಾರಿಗೆ, ಹೇಗೆ ಹೇಳುವುದೆಂದೇ ತಿಳಿಯಲಿಲ್ಲ. ಹುಡುಗರು ನಕ್ಕರು. ಆವತ್ತಿನಿಂದ ಶಾಲೆಯಲ್ಲಿ ನನ್ನ ಹೆಸರು 'ಅಂಬ್ರ್' ಎಂದಾಯಿತು. ಮಾಷ್ಟ್ರು ನಗಲಿಲ್ಲ. ದಿನಕ್ಕೊಂದು ವಾಕ್ಯ, ನಿನ್ನದೇ ವಾಕ್ಯ, ಮನೆಯಲ್ಲಿ ಯಾರಿಗಾದರೂ ಕಲಿಸಿಕೊಂಡು ಬಾ ಎಂದರು. ಕಲಿಸಿದರೆ ಬೇಗ ಬರುತ್ತದೆಯಂತೆ.

ಅಮ್ಮನಿಗೆ ಕೇಳಿದೆ. ಅವಳು ದನಕ್ಕೆ ಹುಲ್ಲು ಹಾಕುತ್ತಾ, "ನಂಗೆಂತಕ್ಕ್ ಇಂಗ್ಲೀಷ್? ದನಕ್ಕ್ ಕಲ್ಸುಕಾ?" ಎಂದಳು. ಉಳಿದವರು ಅಪ್ಪಯ್ಯ. ಅಡಿಗೆ ಇಲ್ಲದ ದಿನ ಅವರು ಮಧ್ಯಾಹ್ನ ಚಾವಡಿಯಲ್ಲಿ ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದರು. ನಾನು ಸ್ಲೇಟು ತಂದು ಎದುರು ಕೂತೆ. ಅವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೂ ಎ ಬಿ ಸಿ ಹದಿನೈದು ದಿನದಲ್ಲಿ ಹಿಡಿದರು. ಪದಗಳನ್ನೂ ಹಿಡಿದರು. ಹಿಡಿಯಲಾಗದ್ದು ಸಾಲು. ಮೂರು ಉರುಟು ಬರೆದು ತೋರಿಸಿದೆ. ಅವರು ಅದನ್ನು ನೋಡಿ ತಲೆ ಕೆರೆದುಕೊಂಡರು.

"ನಮ್ಮಲ್ಲಿ ಎಲೆ ಹಾಕಿ, ಉಪ್ಪಿಂದ ಹಿಡ್ದ್ ಎಲ್ಲ ಬಡ್ಸಿ, ಗೋವಿಂದ ಹೇಳಿದ್ಮೇಲೆ ಉಂಬುದ್," ಎಂದರು. "ಇವ್ರದ್ದ್ ಎಂತ, ಕೂತ ಕೂಡ್ಲೆ ಉಂಬುದಾ? ಬಡ್ಸುದ್ ಆಮೇಲಾ?"

ನಾನು ನಕ್ಕುನಕ್ಕು ಸಾಕಾದೆ. ಅವರೂ ನಕ್ಕರು. ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತದ್ದು ನನಗೆ ನೆನಪಿದೆ. ಆ ಮಧ್ಯಾಹ್ನಗಳು ನನ್ನ ಬಾಲ್ಯದ ಒಳ್ಳೆಯ ದಿನಗಳು. ಅಪ್ಪಯ್ಯ ನನ್ನೊಡನೆಯೇ ಮಾತಾಡುತ್ತಿದ್ದರು, ಅದನ್ನು ಎಲ್ಲಿಗೂ ಒಯ್ಯಬೇಕಾಗಿರಲಿಲ್ಲ. ಒಂದು ದಿನ "ಐ ಕುಕ್ ರೈಸ್" ಎಂದು ತಪ್ಪಿಲ್ಲದೆ ಬರೆದು ನನ್ನ ಕಡೆ ನೋಡಿದರು. ಸಮಾ ಇತ್ತ್ ಎಂದೆ. ಅವರಿಗಾದ ಸಂತೋಷ, ಅವರ ಪಾಯಸವನ್ನು ಊರೆಲ್ಲ ಹೊಗಳಿದಾಗಲೂ ನಾನು ಕಂಡದ್ದಲ್ಲ.

ಆಮೇಲೆ ಅವರು ಒಂದೊಂದೇ ಪದ ಕೇಳತೊಡಗಿದರು. ಇಂದು ಒಂದು, ನಾಲ್ಕು ದಿನ ಬಿಟ್ಟು ಇನ್ನೊಂದು. ಸುದ್ದಿಗೆ ಏನೆನ್ನುತ್ತಾರೆ? ನ್ಯೂಸ್. ಹೇಳುವುದಕ್ಕೆ? ಟೆಲ್. ಇಲ್ಲ ಎಂಬುದಕ್ಕೆ? ನೋ, ಅಥವಾ ನಾಟ್. ನಾನು ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ಮಾಷ್ಟ್ರಿಗೆ ಕೇಳಿ ತಂದೆ. ಯಾಕೆ ಎಂದು ಕೇಳಲಿಲ್ಲ. ಅಡಿಗೆಗೆ ಹೊರಡುವ ಮೊದಲು ಸಾಮಾನು ಜೋಡಿಸಿಕೊಳ್ಳುವಂತೆ ಅವರು ಪದ ಜೋಡಿಸಿಕೊಳ್ಳುತ್ತಿದ್ದರು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಹತ್ತು ವರ್ಷದ ಟೀಚರಿಗೆ ಶಿಷ್ಯ ಬುದ್ಧಿವಂತನಾಗುತ್ತಿದ್ದಾನೆ ಎಂಬ ಹಿಗ್ಗು ಮಾತ್ರ ಇತ್ತು.

ಅಮ್ಮಮ್ಮನ ವರ್ಷಾಂತದ ತಿಥಿ ಕಳೆದು ಕೆಲವು ದಿನವಾಗಿತ್ತು. ನಾನು ಶಾಲೆಯಿಂದ ಬಂದು ಚೀಲ ಇಡುತ್ತಿದ್ದೆ. ಅಪ್ಪಯ್ಯ ಅಡಿಗೆಕೋಣೆಯ ಹೊಸ್ತಿಲ ಹೊರಗೆ ನಿಂತಿದ್ದರು. ಒಂದು ವರ್ಷದಿಂದ ಅವರು ಆ ಹೊಸ್ತಿಲ ಹತ್ತಿರ ಹೋದದ್ದೇ ಇಲ್ಲ. ಎರಡೂ ಕೈಯಲ್ಲಿ ಸ್ಲೇಟು ಹಿಡಿದು, ಬರೆದ ಬದಿಯನ್ನು ಒಳಗೆ ಮಾಡಿದ್ದರು. ಅಮ್ಮ ಒಲೆಯ ಮುಂದಿನಿಂದ ತಿರುಗಿ, ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ಸ್ಲೇಟನ್ನು ನೋಡುತ್ತಿದ್ದಳು. ನಾನು ಓಡಿ ಹೋಗಿ ಅಪ್ಪಯ್ಯನ ಕೈಯಡಿ ನುಸುಳಿ ಸ್ಲೇಟು ನೋಡಿದೆ. ದೊಡ್ಡ ದೊಡ್ಡ ಅಕ್ಷರದಲ್ಲಿ, ಓರೆಯಾಗಿ, 'ಐ ಮದರ್ ನ್ಯೂಸ್ ಯು ನಾಟ್ ಟೆಲ್' ಎಂದು ಬರೆದಿತ್ತು.

"ಅಪ್ಪಯ್ಯಾ, ಎಲ್ಲ ಅಡಿಮೇಲ್ ಮಾಡಿದ್ರಿ," ಎಂದು ನಕ್ಕೆ. "ಟೆಲ್ ಮುಂದ್ ಬರ್ಕ್. ಎಷ್ಟ್ ಸಲ ಹೇಳಿದ್ದೆ?"

ಸ್ಲೇಟು ಕಿತ್ತುಕೊಂಡು, ಅಂಗೈಗೆ ಉಗುಳು ಹಚ್ಚಿ, ಬಲದಿಂದ ಎಡಕ್ಕೆ ಒರೆಸಿಬಿಟ್ಟೆ. ಸರಿಯಾಗಿ ಬರೆದು ತೋರಿಸುವ ಉತ್ಸಾಹ. ಬಳಪ ಹಿಡಿದರೆ ಇಷ್ಟುದ್ದದ ವಾಕ್ಯವನ್ನು ಜೋಡಿಸಲು ನನಗೂ ಬರಲಿಲ್ಲ, ಮಾಷ್ಟ್ರು ಕಲಿಸಿದ್ದು ಮೂರು ಉರುಟು ಮಾತ್ರ. ಮುಖಭಂಗವಾಗಬಾರದೆಂದು 'ಐ ಈಟ್ ರೈಸ್' ಎಂದು ಬರೆದು, ಮೊದಲು ಇದನ್ನೇ ಹತ್ತು ಸಲ ಬರೆಯಿರಿ ಎಂದೆ. ಅಪ್ಪಯ್ಯ ಸ್ಲೇಟನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ನೋಡಲಿಲ್ಲ.

"ನಂಗ್ ಬತ್ತಿಲ್ಲೆ ಮಗಾ," ಎಂದರು. ಹೆಗಲಿಗೆ ಬೈರಾಸು ಹಾಕಿಕೊಂಡು ಗದ್ದೆಯ ಕಡೆ ಇಳಿದು ಹೋದರು. ಅಮ್ಮ ಒಲೆಯ ಕಡೆ ತಿರುಗಿದಳು.

ಮರುದಿನ ಮಧ್ಯಾಹ್ನ ಸ್ಲೇಟು ಹಿಡಿದು ಕೂತೆ. ಅಪ್ಪಯ್ಯ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತಲೆನೋವು ಎಂದರು, ದಣಿವು ಎಂದರು. ಆ ಮೇಲೆ ಅವರು ಇಂಗ್ಲಿಷಿನ ಒಂದು ಅಕ್ಷರವನ್ನೂ ಬರೆಯಲಿಲ್ಲ. ನಾನು ಮತ್ತೆ ಬೆಲ್ಲದ ಸುದ್ದಿ ಒಯ್ಯುವವಳಾದೆ. ಆರನೇ ಕ್ಲಾಸಿನಲ್ಲಿ ಒಂದು ದಿನ, ಮಾಷ್ಟ್ರು ಉದ್ದದ ವಾಕ್ಯಗಳ ಪಾಠ ಮಾಡುವಾಗ, ಯಾವುದೋ ವಾಕ್ಯದಲ್ಲಿ 'ಟೆಲ್' ಬಂತು. ಆಗ ಅಪ್ಪಯ್ಯ ಬರೆದದ್ದು ಅಷ್ಟೂ ನನ್ನ ಕಣ್ಣ ಮುಂದೆ ನಿಂತಿತು. ನಿನ್ನ ಅಮ್ಮನ ಸುದ್ದಿಯನ್ನು ನಾನು ನಿನಗೆ ಹೇಳಲಿಲ್ಲ. ಅದು ಅಭ್ಯಾಸಕ್ಕೆ ಬರೆದ ವಾಕ್ಯವಾಗಿರಲಿಲ್ಲ. ಕನ್ನಡದಲ್ಲಿ ಬಾಯಿಗೆ ಬಾರದ ಒಂದು ಮಾತನ್ನು ಅವರು ಆರು ತಿಂಗಳು ಕೂತು, ಅಮ್ಮನಿಗೆ ಓದಲೂ ಬಾರದ ಭಾಷೆಯಲ್ಲಿ ಕಟ್ಟಿದ್ದರು. ಅವಳು 'ಎಂತ ಅದ್' ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು, ಬಾಯಲ್ಲೇ ಹೇಳಿಬಿಡುತ್ತಿದ್ದರು. ಬೆಂಚಿನ ಮೇಲೆ ತಲೆಯಿಟ್ಟು ಅತ್ತೆ. ಮಾಷ್ಟ್ರು ಹೊಟ್ಟೆನೋವೇ ಎಂದು ಕೇಳಿದರು. ಹೌದೆಂದೆ.

ಮನೆಗೆ ಬಂದು ಹೇಳಬೇಕಿತ್ತು. ಹೇಳಲು ಅಡಿಗೆಕೋಣೆಯವರೆಗೆ ಹೋದೆ. ಅಮ್ಮ ಬೆನ್ನು ಹಾಕಿ ಕಾಯಿ ತುರಿಯುತ್ತಿದ್ದಳು. ಹೇಳಿದರೆ ಒರೆಸಿದವಳು ನಾನು ಎಂಬುದೂ ಹೇಳಬೇಕಾಗುತ್ತದೆ. ಈ ಮನೆಯ ಮೌನ ಅಲ್ಲಿಯವರೆಗೆ ಅವರಿಬ್ಬರದು, ಆಮೇಲೆ ಅದು ನನ್ನದಾಗುತ್ತದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂಬುದು ಹಬ್ಬ ಕಳೆದು, ಪರೀಕ್ಷೆ ಕಳೆದು ಮುಂದೆ ಹೋಗುತ್ತಲೇ ಇತ್ತು. ನಾನು ಓದಲು ಕುಂದಾಪುರದ ಹಾಸ್ಟೆಲ್ಲಿಗೆ ಹೋದ ಮೇಲೆ, ಮಾತು ಒಯ್ಯುವವರಿಲ್ಲದೆ ಇಬ್ಬರೂ ದನಕ್ಕೆ ಹೇಳಿಕೊಳ್ಳುತ್ತಿದ್ದರಂತೆ. "ಗಂಗೇ, ಬಿಸ್ನೀರ್ ಕಾದಿತ್ತ್" ಎಂದು ಅಮ್ಮ, "ಗಂಗೇ, ನಾಳೆ ನಾ ಇಲ್ಲೆ" ಎಂದು ಅಪ್ಪಯ್ಯ. ರಜೆಯಲ್ಲಿ ಬಂದಾಗ ಅದನ್ನು ಕೇಳಿ ನಗು ಬಂತು, ನಗುತ್ತಾ ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ. ಅಪ್ಪಯ್ಯ ತೀರಿಕೊಂಡಾಗ ನಾನು ಊರೂರು ಸುತ್ತಿ ಇಂಗ್ಲಿಷ್ ಟೀಚರಾಗಿದ್ದೆ. ಕಡೆಯ ದಿನಗಳಲ್ಲಿ ಅಮ್ಮನೇ ಚಮಚದಲ್ಲಿ ಗಂಜಿ ಕುಡಿಸಿದಳು. ಸಾಕೋ ಬೇಕೋ ಎಂದು ಮಾತ್ರ ನನ್ನನ್ನು ಕೇಳುತ್ತಿದ್ದಳು. ನಾನು ಅಪ್ಪಯ್ಯನನ್ನು ಕೇಳಿ ಹೇಳುತ್ತಿದ್ದೆ.

ಆಮೇಲೆ ಅಮ್ಮನನ್ನು ಸಾಸ್ತಾನಕ್ಕೆ ನನ್ನ ಜೊತೆಗೆ ಕರೆದುಕೊಂಡು ಬಂದೆ. ನಾನು ಮದುವೆಯಾದವಳಲ್ಲ, ಮನೆಯಲ್ಲಿ ನಾವಿಬ್ಬರೇ. ಈಗ ಅವಳಿಗೆ ಎಂಬತ್ತೇಳು. ಕಿವಿ ಚುರುಕು. ನನ್ನ ಪಾಠವನ್ನೆಲ್ಲ ಒಳಗಿನಿಂದ ಕೇಳುತ್ತಾಳೆ. ಹೋದ ವರ್ಷ ಒಂದು ಸಂಜೆ ಶ್ವೇತಾ ಬೋರ್ಡಿನ ಮೇಲೆ ಬರೆದದ್ದನ್ನು ನಾನು ಒರೆಸದೆ ಬಿಟ್ಟು, ಎಲ್ಲರೂ ಹೋದ ಮೇಲೆ ಅಡಿಗೆಕೋಣೆಗೆ ಬಂದು ಮರುದಿನಕ್ಕೆ ಸೌತೆಕಾಯಿ ಹೆಚ್ಚುತ್ತಾ ಕೂತೆ. ನಾನು ಉಣ್ಣುತ್ತೇನೆ, ಅಮ್ಮ ಇಂದಿಗೂ ಮುಟ್ಟುವುದಿಲ್ಲ. ಅವಳು ಗೋಡೆ ಹಿಡಿದು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಸೌತೆಕಾಯಿಯನ್ನೇ ನೋಡಿದಳು.

"ಆವತ್ತ್ ನಿನ್ನ್ ಅಪ್ಪಯ್ಯ ಸ್ಲೇಟಂಗೆ ಎಂತ ಬರ್ದಿದ್ರ್?" ಎಂದಳು.

ಮರೆತಿದ್ದಾಳೆ ಎಂದುಕೊಂಡಿದ್ದೆ. ಕತ್ತಿ ಕೆಳಗಿಟ್ಟು ಹೇಳಿದೆ. ಮೊದಲು ಇಂಗ್ಲಿಷಿನಲ್ಲಿ, ಅವರು ಬರೆದ ಸಾಲಿನಲ್ಲೇ. ಆಮೇಲೆ ಕನ್ನಡದಲ್ಲಿ. ಒರೆಸಿದವಳು ನಾನೇ ಎಂದೆ. ಅದರ ಅರ್ಥ ನನಗೆ ಆರನೇ ಕ್ಲಾಸಿನಲ್ಲೇ ಗೊತ್ತಾಗಿತ್ತು ಎಂದೂ ಹೇಳಿದೆ. ಬಾಲಕ್ಕೆ ಅಂಬ್ರ್ ಸೇರಿಸಲಿಲ್ಲ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

"ಕೇಂಬ್ಕ್ ಬಾಯಿ ತೆರ್ದಿದ್ದೆ ನಾನ್," ಎಂದಳು ಕೊನೆಗೆ. "ಎಂತ ಅದ್ ಅಂದೇಳಿ. ಅಷ್ಟೊತ್ತಿಗೆ ನೀ ಓಡಿ ಬಂದೆ."

ನಾನು ಹೆಚ್ಚಿದ ಹೋಳುಗಳನ್ನು ಒಟ್ಟು ಮಾಡತೊಡಗಿದೆ.

"ಅವ್ರ್ ಅರ್ಧ ದಿನ ಇಟ್ಕಂಡ್ರ್," ಎಂದಳು ಅಮ್ಮ. "ನೀನ್ ಐವತ್ತ್ ವರ್ಷ ಇಟ್ಕಂಡೆ."

ಎದ್ದು, ಗೋಡೆ ಹಿಡಿದು, ತನ್ನ ಕೋಣೆಗೆ ಹೋದಳು. ಇನ್ನು ನನ್ನೊಡನೆಯೂ ಮಾತು ಬಿಡುತ್ತಾಳೆ ಎಂದು ನಾನು ಕಾದು ಕೂತೆ. ಬಿಡಬೇಕಾದದ್ದೇ, ಅದಕ್ಕೆ ನಾನು ತಯಾರಾಗಿಯೂ ಇದ್ದೆ. ಮರುದಿನ ಬೆಳಿಗ್ಗೆ ಕೋಣೆಯಿಂದಲೇ ಕರೆದು, ಗಂಜಿ ಆಯ್ತಾ ಎಂದು ಕೇಳಿದಳು. ಕೇಳದೆ ಅವಳಿಗೂ ಉಪಾಯವಿರಲಿಲ್ಲ. ಹೇಳಿ ಕಳಿಸಲು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ.